ತಪ್ಪು ಡಬ್ಬಿಯ ನಾಟಕಗಳು

ಡಿಸ್ಕ್ ಒರೆಸುವಾಗ ಅವರು ತಲೆಯನ್ನು ಹಿಂದಕ್ಕೆ ವಾಲಿಸಿಕೊಳ್ಳುತ್ತಿದ್ದರು. ಹಣೆಯ ತುಂಬ ಮೂರು ಬೆರಳಿನ ವಿಭೂತಿ. ಬಗ್ಗಿದರೆ ಪುಡಿ ಉದುರಿ ಡಿಸ್ಕಿನ ಮೇಲೆ ಬೀಳುತ್ತದೆಂಬ ಭಯ. ತೋರುಬೆರಳನ್ನು ನಡುವಿನ ತೂತಿಗೆ ತೂರಿಸಿ, ಹೆಬ್ಬೆರಳನ್ನು ಅಂಚಿಗೆ ಆನಿಸಿ, ಹಳೆಯ ಪಂಚೆಯ ತುಂಡಿನಿಂದ ಒಳಗಿನಿಂದ ಹೊರಕ್ಕೆ ಒರೆಸುತ್ತಾ, ಸೂರು ನೋಡುತ್ತಾ ನಿಂತಿದ್ದ ಆ ಎತ್ತರದ ಮನುಷ್ಯರನ್ನು ಮೊದಲ ಸಲ ಕಂಡಾಗ ಏನೋ ಪೂಜೆ ನಡೆದಿದೆ ಎಂದುಕೊಂಡಿದ್ದೆ. ಬಾಡಿಗೆಗೆ ಮನೆ ಕೇಳಲು ಬಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಒರೆಸುವುದು ಮುಗಿಯುವ ತನಕ ಅವರು ನನ್ನ ಕಡೆ ತಿರುಗಲಿಲ್ಲ.

ಶ್ರೀಗಂಧದ ಕಾವಲಿನ ಆ ಮನೆಯಲ್ಲಿ ಕೆಳಗೆ ಅವರು, ಮೇಲೆ ನಾವು. ಹನ್ನೊಂದು ವರ್ಷವಾಯಿತು. ನಾನು ಅವರನ್ನು ಓನರ್ ಅಂಕಲ್ ಎಂದೂ ಅವರ ಹೆಂಡತಿಯನ್ನು ಆಂಟಿ ಎಂದೂ ಕರೆಯುತ್ತಿದ್ದೆ. ಅವರಿಗೆ ನಾನು ಟೀಚರು. ಮಾರೇನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಕಂಪ್ಯೂಟರ್ ಟೀಚರ್ ಎಂದಮೇಲೆ ಗೀಸರಿನಿಂದ ಹಿಡಿದು ಕಾಲಿಂಗ್ ಬೆಲ್ಲಿನವರೆಗೆ ವೈರಿರುವುದೆಲ್ಲ ತಿಳಿದಿರಲೇಬೇಕೆಂದು ಅಂಕಲ್ ನಂಬಿದ್ದರು. ಸಂಜೆ ಬಸ್ಸಿಳಿದು, ಬ್ಯಾಗಿನ ಭಾರಕ್ಕೆ ಒಂದು ಭುಜ ಇಳಿಬಿಟ್ಟುಕೊಂಡು ಗೇಟು ತೆಗೆದರೆ ಸಾಕು, ಒಳಗಿನಿಂದ ದನಿ ಬರುತ್ತಿತ್ತು: "ಟೀಚರೇ, ಐದು ನಿಮಿಷದ ಕೆಲ್ಸ ಐತ್ರಿ."

ಅವರ ಐದು ನಿಮಿಷಕ್ಕೆ ಒಂದು ಗಂಟೆಗಿಂತ ಕಡಿಮೆ ಹಿಡಿದದ್ದು ನನಗೆ ನೆನಪಿಲ್ಲ. ಕೆಲಸ ಮುಗಿದ ಮೇಲೂ ಬಿಡುತ್ತಿರಲಿಲ್ಲ. "ಅವಸರ ಯಾರಿಗೈತ್ರಿ, ಕುಂದುರ್ರಿ" ಎಂದು ಮಂಡಕ್ಕಿ ತಟ್ಟೆಯನ್ನು ಮುಂದಿಡುತ್ತಿದ್ದರು. ಅವಸರ ನನಗಿತ್ತು. ಮೇಲೆ ತೊಳೆಯದ ಪಾತ್ರೆ, ತಿದ್ದದ ಉತ್ತರ ಪತ್ರಿಕೆ, ಏಳಕ್ಕೆ ಬಂದು ಎಂಟಕ್ಕೆ ನಿಲ್ಲುವ ನೀರು ಎಲ್ಲವೂ ಕಾಯುತ್ತಿದ್ದವು. ಆದರೂ ಕೂರುತ್ತಿದ್ದೆ. ಬೇಡವೆನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಹರಿಹರದ ಕಡೆಯವರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತರಾಗಿದ್ದರು. ಬೆಂಗಳೂರಿಗೆ ಬಂದು ನಲವತ್ತು ವರ್ಷ ಕಳೆದಿದ್ದರೂ ಮಾತು ಮಾತ್ರ ತುಂಗಭದ್ರೆಯ ದಂಡೆ ಬಿಟ್ಟು ಈಚೆ ಬಂದಿರಲಿಲ್ಲ. ನಡುಮನೆಯ ಗೋಡೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು. ಅದರ ತುಂಬ ಡಿಸ್ಕುಗಳು, ನೂರ ಎಂಬತ್ತಕ್ಕೂ ಮೇಲೆ. ಹಳೆಯ ಸಿನಿಮಾಗಳಿದ್ದವು, ಪ್ರವಚನಗಳಿದ್ದವು. ಬಹುಪಾಲು ಮಾತ್ರ ಅವರ ಕಡೆಯ ಕಂಪನಿ ನಾಟಕಗಳು. ಊರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೊಂಡು ತಂದವು, ಡಿಸ್ಕಿನ ಮೇಲೆ ಹೆಸರೂ ಇಲ್ಲದವು. ನಾಟಕದ ಹುಚ್ಚು ಹೆಚ್ಚಿದ್ದದ್ದು ಆಂಟಿಗೆ. ಹಾಸ್ಯ ಬರುವ ಮೊದಲೇ ಅವರು ನಗುತ್ತಿದ್ದದ್ದು ಮೇಲಿನ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಮೂರು ವರ್ಷದ ಹಿಂದೆ ಆಂಟಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು. ಮಾತು ನಿಂತಿತು, ಅಕ್ಷರಗಳೂ ಕೈಕೊಟ್ಟವು; ಪೇಪರನ್ನು ತಿರುವಿ ಹಿಡಿದು ನೋಡುತ್ತಾ ಕೂರುತ್ತಿದ್ದರು. ಉಳಿದದ್ದು ಎಡಗೈ, ಕಿವಿ ಮತ್ತು ಎಲ್ಲವೂ ಅರ್ಥವಾಗುತ್ತಿದ್ದ ಆ ಕಣ್ಣು. ನಾಟಕ ಬೇಕೆನಿಸಿದಾಗ ಬೀರುವಿನ ಕಡೆ ಬೆರಳು ತೋರಿಸುತ್ತಿದ್ದರು. ಅಂಕಲ್ ಒಂದೊಂದೇ ಡಬ್ಬಿ ಮುಟ್ಟುತ್ತಾ "ಇದೇನು? ಇದೇನು?" ಎಂದು ಕೇಳಿ, ಅವರು ತಲೆಯಾಡಿಸಿದ್ದನ್ನು ತೆಗೆದು, ಒರೆಸಿ, ಪ್ಲೇಯರಿಗೆ ಹಾಕುತ್ತಿದ್ದರು. ಅಂಕಲ್‌ರ ಮಂಡಿ ಆಗಲೇ ಸೋತಿತ್ತು, ಪ್ಲೇಯರೂ ಸೋತಿತ್ತು. ಅದರ ಟ್ರೇ ಹೊರಗೆ ಬರಬೇಕಾದರೆ ಪಕ್ಕಕ್ಕೆ ಒಂದು ಏಟು ಕೊಡಬೇಕಿತ್ತು. ಪ್ಲೇಯರು ತೀರಾ ಕೆಟ್ಟ ದಿನ ಅವರು ನನ್ನನ್ನು ಕರೆದು, ಇದಕ್ಕೆ ಬದಲು ಹೊಸದೇನಾದರೂ ನೋಡಬೇಕು ಎಂದರು.

ಕೆಂಗೇರಿಯಲ್ಲಿದ್ದ ಮಗಳು ಭಾನುವಾರ ಬಂದಿದ್ದಾಗ ಹೇಳಿದಳು: "ಅಪ್ಪಾಜಿ, ಈಗ ಡಿಸ್ಕ್ ಯಾರು ಇಟ್ಕೊಂಡಿರ್ತಾರೆ? ನೆಟ್ಟಲ್ಲೇ ಎಲ್ಲಾ ಸಿಗುತ್ತೆ."

"ನಿನ್ನ ನೆಟ್ಟಿನಾಗೆ ನಿಮ್ಮವ್ವನ ನಾಟಕ ಅದಾವೇನು? ಹುಡುಕು ನೋಡೋಣ."

ಅವಳು ಹುಡುಕಿದಳು. ಎರಡು ಸಿಕ್ಕವು, ಎರಡೂ ಅರ್ಧಂಬರ್ಧ. ನಡುವೆ ಗೋಡೆಬಣ್ಣದ ಜಾಹೀರಾತು ಬೇರೆ. ಅಲ್ಲಿಗೆ ಆ ವಾದ ಮುಗಿಯಿತು.

ಮರುದಿನ ವಿಜಯನಗರದ ಮುಖ್ಯರಸ್ತೆಯ ಒಂದು ಅಂಗಡಿಗೆ ಹೋದೆವು. ಸೇಲ್ಸ್‌ನವನು ಗೋಡೆಯಗಲದ ಟಿವಿ, ಉದ್ದನೆಯ ಸ್ಪೀಕರು, ತಿಂಗಳ ಚಂದಾ ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದ. ಅಂಕಲ್ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಗೆ ಒಂದೊಂದೇ ರಿಮೋಟು ತೆಗೆದುಕೊಂಡು, ಆ ಕೈಯ ಹೆಬ್ಬೆರಳಿಗೆ ಎಲ್ಲ ಗುಂಡಿಗಳೂ ಎಟುಕುತ್ತವೆಯೇ ಎಂದು ನೋಡುತ್ತಾ ಹೋದರು. ಒಂದು ರಿಮೋಟು ಜಾರಿ ಕೆಳಗೆ ಬಿತ್ತು. ಸೇಲ್ಸ್‌ನವನ ಮುಖ ಮೆತ್ತಗಾಯಿತು. "ಸಾರ್, ಕೈಗೆ ಏನಾಗಿದೆ?" ಎಂದ.

"ನನಗೇನಾಗಿಲ್ಲಪ್ಪ. ಎಡಗೈಯಾಗೆ ಆಗ್ತತೇನು ನೋಡಾಕತ್ತೀನಿ. ಇದ್ರಾಗೆ ಎಷ್ಟು ಗುಂಡಿ ಅದಾವು?"

"ನಲವತ್ತೆರಡು ಸಾರ್."

"ಯಪ್ಪಾ, ನನ್ನ ಆಫೀಸಿನಾಗೆ ಅಷ್ಟು ಮಂದಿ ಇರ್ಲಿಲ್ಲ. ಕಡಿಮಿ ಇರೋದು ತೋರ್ಸು."

ನಾಲ್ಕು ಅಂಗಡಿ ತಿರುಗಿದೆವು. ನನ್ನ ಚಪ್ಪಲಿಯ ಬಾರು ಕಿತ್ತಿತು, ಕಾಲು ಬಾತುಕೊಂಡಿತು. ಹಾರ್ಡ್ ಡಿಸ್ಕನ್ನು ನೇರವಾಗಿ ಟಿವಿಗೆ ಸಿಕ್ಕಿಸಿದರೆ ಅಗ್ಗವಾಗುತ್ತದೆ ಎಂದು ನಾನು ಹೇಳಿ ನೋಡಿದೆ. ಅದರಲ್ಲಿ ಹೆಸರುಗಳು ಮಾತ್ರ ಸಾಲಾಗಿ ಬರುತ್ತವೆ ಎಂದು ತಿಳಿದಾಗ ಬೇಡವೆಂದರು. ಆಂಟಿಗೆ ಓದಲು ಬರುವಂತಿರಲಿಲ್ಲ. ಕೊನೆಗೆ ಆರಿಸಿದ್ದು ಅಂಗೈಯಷ್ಟಗಲದ ಒಂದು ಕಪ್ಪು ಪೆಟ್ಟಿಗೆ. ನಾಟಕಗಳನ್ನೆಲ್ಲ ಅದರೊಳಗೆ ತುಂಬಿಟ್ಟರೆ ಒಂದೊಂದರ ಮುಖಚಿತ್ರವೂ ಟಿವಿಯ ಮೇಲೆ ಸಾಲಾಗಿ ಕಾಣುತ್ತದೆ. ಬೇಕಾದ ಚಿತ್ರದ ಮೇಲೆ ಹೋಗಿ ಒತ್ತಿದರೆ ನಾಟಕ ಶುರು. ರಿಮೋಟಿನಲ್ಲಿ ನಡುವೆ ಒಂದು ದುಂಡು ಗುಂಡಿ, ಸುತ್ತ ನಾಲ್ಕೈದು.

ಆಟೋದಲ್ಲಿ ಬರುವಾಗ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ, ನನ್ನ ಕಡೆ ನೋಡದೆ ಹೇಳಿದರು: "ಟೀಚರೇ, ನನ್ನ ಹಾರ್ಟು ಅರ್ಧ ಅಷ್ಟೇ ಕೆಲ್ಸ ಮಾಡ್ತೈತಂತ. ಡಾಕ್ಟ್ರು ಹೇಳ್ಯಾರ. ಮಗಳಿಗೆ ಇನ್ನೂ ಹೇಳಿಲ್ಲ. ನಾನಿರೋತನಕ ಡಿಸ್ಕು ಹಾಕ್ತೀನಿ. ಆಮೇಲೆ ಆಕಿ ಒಂದು ನಾಟಕ ನೋಡಾಕ ಯಾರ ಮುಖ ನೋಡ್ಕೋತ ಕುಂದರ್ಬೇಕು? ಮಗಳಿಗೆ ಆಫೀಸು, ನಿಮಗೆ ಸಾಲಿ. ಆಕಿಗೆ ಬೇಕಾದ್ದು ಆಕಿನೇ ಹಾಕ್ಕೊಂಡು ನೋಡ್ಬೇಕು. ಅಷ್ಟು ಮಾಡಿಕೊಟ್ಟುಬಿಡ್ರಿ."

ಕಾಲುನೋವು, ಚಪ್ಪಲಿ ಎಲ್ಲ ಮರೆತುಹೋಯಿತು. "ಮಾಡ್ಕೊಡ್ತೀನಿ ಅಂಕಲ್" ಎಂದೆ.

ದಸರಾ ರಜೆಗೆ ಮಗಳು ಅಪ್ಪ ಅಮ್ಮನನ್ನು ಕೆಂಗೇರಿಗೆ ಕರೆದುಕೊಂಡು ಹೋದಳು. ಕೀಲಿ ನನ್ನ ಕೈಗೆ ಬಂತು. ಹನ್ನೆರಡು ದಿನ ಆ ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಮೊದಲ ದಿನವೇ ಡಬ್ಬಿಗಳ ಮುಖಚಿತ್ರಗಳನ್ನೆಲ್ಲ ಫೋನಿನಲ್ಲಿ ತೆಗೆದುಕೊಂಡು, ಡಿಸ್ಕುಗಳನ್ನು ಬಿಡಿಸಿ ಒಂದರ ಮೇಲೊಂದು ಪೇರಿಸಿ, ಒಂದೊಂದನ್ನೇ ಪೆಟ್ಟಿಗೆಗೆ ಇಳಿಸತೊಡಗಿದೆ. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಇಳಿಸುತ್ತಾ ನೋಡಿದರೆ ಡಿಸ್ಕುಗಳೆಲ್ಲ ಅದಲುಬದಲಾಗಿವೆ! ಪೂಜಾ ವಿಧಾನದ ಡಬ್ಬಿಗಳು ಹತ್ತಿಪ್ಪತ್ತಿದ್ದವು, ಪೂಜೆ ಇದ್ದ ಡಿಸ್ಕುಗಳು ಬರೀ ಐದು. ಯೋಗಾಸನದ ಡಬ್ಬಿಯೊಳಗೆ ಕೊನೆಗೆ ಉಳಿದಿದ್ದನ್ನು ತೆಗೆದು ಹಾಕಿದರೆ ಅತ್ತೆ ಸೊಸೆಯ ಜಗಳ ಬಂತು. ವಯಸ್ಸಾದವರು, ಬಾಡಿಗೆ ಮನೆಯ ಮಕ್ಕಳು ಬೇರೆ ಆಡಿಕೊಂಡು ಹೋಗಿರಬಹುದು ಎಂದುಕೊಂಡೆ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ತಿದ್ದುವುದೇ ಕಸುಬಾದವಳಿಗೆ ಕೇಳುವ ಅಭ್ಯಾಸ ಇರುವುದಿಲ್ಲ.

ಒಂದೊಂದು ನಾಟಕವನ್ನೂ ಶುರುಮಾಡಿ, ಹೆಸರು ಬರುವ ತನಕ ನೋಡಿ, ಸರಿಯಾದ ಮುಖಚಿತ್ರವನ್ನು ಹುಡುಕಿ ಹಚ್ಚಿದೆ. ಸರಿಯಾದ ಚಿತ್ರ ಇಲ್ಲದ್ದಕ್ಕೆ ನಾಟಕದಿಂದಲೇ ಒಂದು ದೃಶ್ಯ ಹಿಡಿದು ಹಾಕಿದೆ. ಕತ್ತು ಹಿಡಿದುಕೊಂಡಿತು, ಕಣ್ಣು ಉರಿಯಿತು. ಆದರೆ ಪರದೆಯ ಮೇಲೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಸಾಲಾಗಿ ನಿಂತದ್ದನ್ನು ಕಂಡಾಗ ನನಗೆ ನಾನೇ ನೂರಕ್ಕೆ ನೂರು ಕೊಟ್ಟುಕೊಂಡೆ. ಮಗಳು ಫೋನಿನಲ್ಲಿ, "ಆ ಡಬ್ಬಗಳನ್ನೆಲ್ಲ ಗುಜರಿಗೆ ಹಾಕ್ಬಿಡಿ ಟೀಚರ್, ಧೂಳು" ಎಂದಳು. ಮೂರು ಚೀಲ ತುಂಬಿ ಗುಜರಿಯವನಿಗೆ ಕೊಟ್ಟೆ.

ಅವರು ವಾಪಸು ಬಂದ ಸಂಜೆ ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಡಗೈಗೆ ರಿಮೋಟು ಕೊಟ್ಟೆವು. ಅಂಕಲ್ ಪಕ್ಕದಲ್ಲಿ ನಿಂತಿದ್ದರು. ಆಂಟಿ ಪರದೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳು ಅಲ್ಲಾಡಿತು. ಒಂದೊಂದೇ ಚಿತ್ರ ದಾಟುತ್ತಾ ಗಣಪತಿ ಪೂಜೆಯ ಚಿತ್ರದ ಮೇಲೆ ಹೋಗಿ ಒತ್ತಿದರು. ಪುರೋಹಿತರೊಬ್ಬರು ಆಚಮನ ಮಾಡಿಸತೊಡಗಿದರು. ಆಂಟಿ ಬೆಚ್ಚಿಬಿದ್ದರು. ಹಿಂದೆ ಬಂದು ಯೋಗಾಸನ ಒತ್ತಿದರು. ತೆಳ್ಳಗಿನ ಒಬ್ಬ ಮನುಷ್ಯ ಕಾಲು ಮೇಲೆತ್ತಿದ. ಇಂಗ್ಲಿಷ್ ಕಲಿಯುವ ಪಾಠ ಒತ್ತಿದರು. ಇಂಗ್ಲಿಷ್ ಪಾಠವೇ ಬಂತು. ಆಂಟಿಯ ಕಣ್ಣು ತುಂಬಿತು. ರಿಮೋಟನ್ನು ತೊಡೆಯಿಂದ ಕೆಳಗೆ ತಳ್ಳಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಅಂಕಲ್‌ಗೆ ಒಂದು ಕ್ಷಣದಲ್ಲಿ ಎಲ್ಲ ಹೊಳೆದಿರಬೇಕು. ಮೊದಲು ಜೋರಾಗಿ ನಕ್ಕುಬಿಟ್ಟರು.

"ಟೀಚರೇ, ನೀವು ಎಲ್ಲಾನೂ ಸರಿ ಮಾಡೀರಿ!"

ಆಮೇಲೆ ಹೇಳಿದರು. ಅದಲುಬದಲು ಮಾಡಿದ್ದು ಆಂಟಿಯೇ. ಬಹಳ ಹಿಂದೆ, ನಮಗಿಂತ ಮುಂಚಿನ ಬಾಡಿಗೆಯವರು ನಾಟಕದ ಡಿಸ್ಕುಗಳ ಒಂದು ಕಟ್ಟನ್ನೇ ಒಯ್ದು, ಹಾಗೇ ಮನೆ ಖಾಲಿ ಮಾಡಿದ್ದರಂತೆ. ಬೀದಿಯವರೂ ಅಷ್ಟೆ, ಒಂದು ದಿನಕ್ಕೆ ಕೇಳಿ ಒಯ್ದ ನಾಟಕ ವಾಪಸು ಬರುತ್ತಿರಲಿಲ್ಲ. ಕೊಡುವುದಿಲ್ಲ ಎನ್ನಲು ಆಂಟಿಗೆ ಸಂಕೋಚ. ಹಾಗಾಗಿ ಒಳ್ಳೆಯ ನಾಟಕಗಳನ್ನೆಲ್ಲ ಯಾರೂ ಕೇಳದ ಪೂಜೆ, ಯೋಗ, ಪಾಠದ ಖಾಲಿ ಡಬ್ಬಿಗಳನ್ನು ಅಲ್ಲಿ ಇಲ್ಲಿ ಕೂಡಿಸಿ ಅವಕ್ಕೆ ತುಂಬಿ, ನಾಟಕದ ಡಬ್ಬಿಗಳಿಗೆ ಪೂಜೆ ತುಂಬಿಟ್ಟರು. ಒಯ್ದವರು ಮರುದಿನವೇ ತಂದುಕೊಡುತ್ತಿದ್ದರು. "ಅಯ್ಯ, ಅಂಗಡಿಯವ್ನು ಹಂಗ ಕೊಟ್ಟಾನವ್ವಾ" ಎಂದು ಆಂಟಿ ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಿದ್ದರಂತೆ. ಕೇಳುತ್ತಾ ನನಗೆ ನೆನಪಾಯಿತು: ಹೊಸದಾಗಿ ಬಂದಾಗ ನಾನೂ ಒಂದು ಸಿನಿಮಾ ಒಯ್ದು, ಅದರಲ್ಲಿ ಇಂಗ್ಲಿಷ್ ಪಾಠ ಬಂದು, ಇದೇ ಮಾತನ್ನು ಇದೇ ಬಾಗಿಲಲ್ಲಿ ಕೇಳಿಸಿಕೊಂಡು, ಪಾಪ ಎಂದುಕೊಂಡು ಹೋಗಿದ್ದೆ.

"ಯಾವ ಡಬ್ಬಿಯಾಗೆ ಯಾವ ನಾಟಕ ಅನ್ನೋದು ಆಕಿ ತಲಿಯಾಗಷ್ಟೇ ಐತ್ರಿ. ನನಗೂ ಗೊತ್ತಿಲ್ಲ. ಕೇಳ್ತಿದ್ದೆ, ಹೇಳ್ತಿದ್ಲು. ಈಗ ತೋರಸ್ತಿದ್ಲು. ನಿಮಗೆ ಹೇಳ್ಬೇಕು ಅಂತ ಅನಸ್ಲೇ ಇಲ್ಲ ನೋಡ್ರಿ, ಅಷ್ಟು ರೂಢಿ ಆಗೇತಿ." ಆಮೇಲೆ ಸುತ್ತ ನೋಡಿ ಕೇಳಿದರು: "ಆ ಡಬ್ಬಿ ಎಲ್ಲಿಟ್ಟೀರಿ?"

"ಗುಜರಿಗೆ ಹಾಕ್ದೆ ಅಂಕಲ್."

ನಗು ನಿಂತಿತು. ನಾನು ಗುಜರಿ ಅಂಗಡಿಗೆ ಓಡಿದೆ. ಲೋಡು ಹೋಗಿ ನಾಲ್ಕು ದಿನವಾಗಿತ್ತು. ವಾಪಸು ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮಾತು ಹೋದ ಹೆಂಗಸಿಗೆ ಉಳಿದಿದ್ದ ಒಂದೇ ಭಾಷೆಯನ್ನು ಚೀಲಕ್ಕೆ ತುಂಬಿ ಎಸೆದಿದ್ದೆ. ಅಂಕಲ್ ಹೊರಗೆ ಬಂದರು. ಬೈಯಲಿಲ್ಲ.

"ನೀವು ತಿದ್ದೋ ಮಂದಿ, ನಿಮ್ಮ ಕೆಲ್ಸಾನೇ ಅದು" ಎಂದರು. ಆ ಮಾತು ಈಗಲೂ ಚುಚ್ಚುತ್ತದೆ, ಅವರು ಚುಚ್ಚಲೆಂದು ಹೇಳಿರಲಿಲ್ಲವಾದರೂ. "ಏಳ್ರಿ. ಮೊದಲಿನಂಗೆ ತಪ್ಪು ತಪ್ಪಾಗೇ ಮಾಡಿಕೊಡ್ರಿ. ಯಾವುದು ಯಾವುದಂತ ನಾನು ಆಕಿನ್ನ ಕೇಳ್ತೀನಿ."

ಡಬ್ಬಿಗಳು ಹೋಗಿದ್ದರೂ ಅವುಗಳ ಚಿತ್ರಗಳು ನನ್ನ ಫೋನಿನಲ್ಲಿದ್ದವು. ಅವನ್ನೆಲ್ಲ ಶಾಲೆಯಲ್ಲಿ ಪ್ರಿಂಟು ಹಾಕಿಸಿ, ಹಾಳೆಗೆ ಹನ್ನೆರಡರಂತೆ ತಂದುಕೊಟ್ಟೆ. ಅಲ್ಲಿಂದ ಅಂಕಲ್‌ಗೆ ಅದೇ ಉದ್ಯೋಗವಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಒಂದು ನಾಟಕದ ಮೊದಲ ಭಾಗ ಹಾಕುವುದು, ಹಾಳೆಗಳನ್ನು ಆಂಟಿಯ ಮುಂದೆ ಹರಡುವುದು, ಆಂಟಿ ಎಡಗೈ ಬೆರಳಿಟ್ಟ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ನಾಟಕದ ಹೆಸರು ಬರೆಯುವುದು. ಭಾನುವಾರ ನಾನು ಕೆಳಗಿಳಿದು ಅದರಂತೆ ಚಿತ್ರ ಬದಲಾಯಿಸುತ್ತಿದ್ದೆ. ನಾಟಕಕ್ಕೆ ಪೂಜೆಯ ಚಿತ್ರ, ಪ್ರವಚನಕ್ಕೆ ಸಿನಿಮಾದ ಚಿತ್ರ. ಕೈ ತಡೆಯುತ್ತಿತ್ತು. ಆದರೂ ಹಚ್ಚುತ್ತಿದ್ದೆ.

ಕೆಲಸ ಬಹಳ ನಿಧಾನ. ಆಂಟಿ ಬೇಗ ದಣಿಯುತ್ತಿದ್ದರು. ಕೆಲವು ದಿನ ಬೆರಳಿಡುವುದನ್ನೇ ಮರೆತು ನಾಟಕದಲ್ಲಿ ಮುಳುಗಿಬಿಡುತ್ತಿದ್ದರು, ಅಂಕಲ್ ನಿಲ್ಲಿಸುತ್ತಿರಲಿಲ್ಲ. "ಇವತ್ತು ಒಂದೇ ಆತ್ರಿ, ಪೂರ್ತಿ ನೋಡಿದ್ಲು" ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಅವರ ಪಾದಗಳು ಊದಿಕೊಂಡು ಚಪ್ಪಲಿಗೆ ಹಿಡಿಸದಂತಾಗಿದ್ದವು. ಎರಡು ವಾಕ್ಯದ ನಡುವೆ ಉಸಿರಿಗೆ ನಿಲ್ಲುತ್ತಿದ್ದರು. ಮಗಳಿಗೂ ವಿಷಯ ತಿಳಿಯಿತು. ಅವಳು ಗಂಡ, ಸಾಮಾನು ಸಮೇತ ಬಂದು ಕೆಳಗಿನ ಮನೆಯಲ್ಲೇ ಉಳಿದಳು. ವಿಶ್ರಾಂತಿ ತಗೊಳ್ಳಿ ಎಂದು ಅವಳು ಗೋಗರೆದರೆ, "ಕುಂತೇ ಇದೀನಲ್ಲವಾ, ಇನ್ನೇನು ಮಾಡ್ಲಿ" ಎನ್ನುತ್ತಿದ್ದರು. ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ದಣಿವಾಗುತ್ತದೆ. ನಾನು ಹನ್ನೆರಡು ದಿನದಲ್ಲಿ ಕೆಡಿಸಿದ್ದನ್ನು ಸರಿಪಡಿಸಲು ಅವರು ತಮಗೆ ಉಳಿದಿದ್ದ ಆಯುಸ್ಸನ್ನೇ ಹಾಕುತ್ತಿದ್ದರು.

ಶಿವರಾತ್ರಿ ಕಳೆದ ವಾರ ಅವರನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದರು. ನಾನು ನೋಡಲು ಹೋದಾಗ ಮೂಗಿಗೆ ನಳಿಕೆ ಇತ್ತು, ಹಣೆಯಲ್ಲಿ ವಿಭೂತಿ ಇರಲಿಲ್ಲ. ಅವರು ಅವರೇ ಅನ್ನಿಸಲಿಲ್ಲ. "ಇಪ್ಪತ್ತೊಂದು ಉಳದಾವ್ರಿ" ಎಂದರು, ಅಷ್ಟೆ. ಎರಡು ದಿನಕ್ಕೆ ಹೋದರು. ಊರಿಗೆ ಒಯ್ದು, ಅವರ ಹೊಲದಲ್ಲಿ ಸಮಾಧಿ ಮಾಡಿ ಬಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಆ ಹಾಳೆಗಳನ್ನು ಕೈಯಲ್ಲಿ ಹಿಡಿದು, "ಟೀಚರ್, ಇವೇನು ಮಾಡೋದು?" ಎಂದಳು. ನಾನು ತೆಗೆದುಕೊಂಡೆ. ಯಾರೂ ಕರೆಯದೆ, ಐದು ನಿಮಿಷ ಎಂದು ಯಾರೂ ಸುಳ್ಳು ಹೇಳದೆ, ಸಂಜೆ ಸಂಜೆ ಕೆಳಗಿಳಿದು ಅವರ ಕುರ್ಚಿಯಲ್ಲಿ ಕೂತೆ. ಮೊದಲ ವಾರ ಆಂಟಿ ನನ್ನ ಕಡೆಯಾಗಲಿ ಪರದೆಯ ಕಡೆಯಾಗಲಿ ನೋಡಲೇ ಇಲ್ಲ. ಎರಡನೆಯ ವಾರ ಒಂದು ಚಿತ್ರದ ಮೇಲೆ ಬೆರಳಿಟ್ಟರು. ನಾನು ಅಂಕಲ್‌ರ ಪೆನ್ಸಿಲಿನಲ್ಲೇ ಬರೆದೆ. ಹೀಗೆ ಇಪ್ಪತ್ತಾದವು.

ಉಳಿದದ್ದು ಒಂದು ನಾಟಕ. ಮುದುಕನೊಬ್ಬ ಹೆಂಡತಿಗೆ ಹೆದರಿ ಕಣಜದಲ್ಲಿ ಅಡಗುವ ಕಥೆ. ಹಾಕಿದ ಕೂಡಲೇ ಆಂಟಿಯ ಮುಖದ ಎಡಭಾಗ ನಕ್ಕಿತು. ಎಷ್ಟೋ ತಿಂಗಳ ಮೇಲೆ ನಾನು ಕಂಡ ನಗು. ಹಾಳೆಗಳನ್ನು ಹರಡಿದೆ. ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಮೊದಲಿನಿಂದ ತೋರಿಸಿದೆ. ಹಾಳೆಗಳನ್ನು ಒಟ್ಟು ಮಾಡಿ ಪಕ್ಕಕ್ಕೆ ಸರಿಸಿ, ಎಡಗೈ ಎತ್ತಿ ಗೋಡೆಯ ಕಡೆ ತೋರಿಸಿದರು. ಗಡಿಯಾರವೇ ಎಂದೆ, ಅಲ್ಲ. ಫ್ಯಾನಿನ ಸ್ವಿಚ್ಚೇ, ಅಲ್ಲ. ಆಂಟಿ ಬೇಸರದಿಂದ ಕೈಯನ್ನು ಇನ್ನಷ್ಟು ಮೇಲೆತ್ತಿದರು. ಅಲ್ಲಿ ಮಗಳು ಪೆನ್ಷನ್ ಪುಸ್ತಕದ ಫೋಟೋವನ್ನು ದೊಡ್ಡದು ಮಾಡಿಸಿ ಹಾಕಿದ್ದಳು. ಕೋಟು ತೊಟ್ಟು, ಏನೋ ಸಿಟ್ಟಿನಲ್ಲಿದ್ದವರಂತೆ ಅಂಕಲ್ ಕೂತಿದ್ದರು.

"ಇದನ್ನ ಹಾಕ್ಲಾ ಆಂಟಿ? ಈ ನಾಟಕಕ್ಕಾ?"

ಆಂಟಿ ಹೌದೆಂದು ತಲೆಯಾಡಿಸಿದರು.

ಸ್ಟೂಲು ಹತ್ತಿ ಫೋನಿನಲ್ಲಿ ಅದರ ಚಿತ್ರ ತೆಗೆದೆ. ಗಾಜಿನಲ್ಲಿ ಟ್ಯೂಬ್‌ಲೈಟಿನ ಒಂದು ಬಿಳಿ ಗೆರೆ, ಹಾರದ ನೆರಳು, ನನ್ನದೇ ಮೊಣಕೈ ಎಲ್ಲವೂ ಅವರ ಎದೆಯ ಮೇಲೆ ಬಿದ್ದಿದ್ದವು. ಇನ್ನೊಂದು ತೆಗೆಯೋಣವೆಂದುಕೊಂಡವಳು ಹಾಗೇ ಬಿಟ್ಟೆ. ಪೂಜೆ, ಯೋಗ, ಇಂಗ್ಲಿಷ್ ಪಾಠಗಳ ಸಾಲಿನ ಕೊನೆಗೆ ಅಂಕಲ್ ಬಂದು ನಿಂತರು. ರಿಮೋಟನ್ನು ಆಂಟಿಯ ಎಡಗೈಗೆ ಕೊಟ್ಟು ನಾನು ಅಂಕಲ್‌ರ ಕುರ್ಚಿಯಲ್ಲಿ ಕೂತೆ. ಹೆಬ್ಬೆರಳು ನಿಧಾನವಾಗಿ ಒಂದೊಂದೇ ಚಿತ್ರ ದಾಟಿಕೊಂಡು ಹೋಗಿ, ಅವರ ಮೇಲೆ ನಿಂತು, ಒತ್ತಿತು.